ನೀರಂಚಿನ ಪ್ರಶ್ನೋತ್ತರ: ಬಾಸ್ ಮೀನಿನ ಗಾಳಕ್ಕೆ ಯಾವ ದಾರ?

ಕಳೆದ ಸಂಚಿಕೆಯಲ್ಲಿ ಗಾಳದ ದಾರ ಸುತ್ತುವ ಬೈಟ್‌ಕಾಸ್ಟಿಂಗ್ ರೀಲಿನ ಬ್ರೇಕ್ ಬಗ್ಗೆ ಬರೆಯುತ್ತ ಕೊನೆಗೆ ಒಂದು ಮಾತು ಸೇರಿಸಿದ್ದೆ: ‘ದಾರ ಯಾವುದಾದರೇನು, ಮೊದಲು ಎಸೆಯುವುದನ್ನು ಕಲಿಯಿರಿ.’ ನಿಜ ಹೇಳಬೇಕೆಂದರೆ ಪುಟ ತುಂಬಿಹೋಗಿತ್ತು, ಹಾಗೆ ಹೇಳಿ ಕೈತೊಳೆದುಕೊಂಡಿದ್ದೆ. ಓದುಗರು ಬಿಡಲಿಲ್ಲ. ಈ ಸಲ ಬಂದ ಪತ್ರಗಳೆಲ್ಲ ದಾರದ ಮೇಲೆಯೇ. ಒಬ್ಬರಂತೂ ಲಕೋಟೆಯೊಳಗೆ ತುಂಡಾದ ದಾರವನ್ನೇ ಮಡಚಿಟ್ಟು ಕಳಿಸಿದ್ದಾರೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಈ ಪುಟ ಪೂರ್ತಿ ದಾರಕ್ಕೇ.

ಪ್ರಶ್ನೆ: 7 ಅಡಿಯ ಮೀಡಿಯಂ ಹೆವಿ ರಾಡ್ (ಸ್ವಲ್ಪ ಗಡಸು ಗಾಳದ ಕೋಲು), ಜೊತೆಗೊಂದು ಬೈಟ್‌ಕಾಸ್ಟಿಂಗ್ ರೀಲ್ ಕೊಂಡಿದ್ದೇನೆ. ಇಲ್ಲಿಯವರೆಗೆ ಸ್ಪಿನ್ನಿಂಗ್ ರೀಲ್ ಬಿಟ್ಟು ಬೇರೆ ಹಿಡಿದವನಲ್ಲ. ಅಂಗಡಿಯವರು ಬ್ರೇಡ್, ಅಂದರೆ ಹೆಣೆದ ದಾರ ಹಾಕಿ ಅಂದರು. ಜೊತೆಗೆ ಬರುವ ಗೆಳೆಯ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ ಬಿಟ್ಟು ಬೇರೇನೂ ಮುಟ್ಟಬೇಡ ಅನ್ನುತ್ತಾನೆ. ದೊಡ್ಡಪ್ಪ ‘ನೈಲಾನ್ ಸಾಕು ಹೋಗೋ’ ಅನ್ನುತ್ತಾರೆ. ಮೂವರೂ ಬಾಸ್ ಹಿಡಿಯುವವರೇ. ಯಾರ ಮಾತು ಕೇಳಲಿ?

ಉತ್ತರ: ದೊಡ್ಡಪ್ಪನ ಮಾತು ಕೇಳಿ. ಈ ಒಂದು ವರ್ಷದ ಮಟ್ಟಿಗಾದರೂ.

ಮೊದಲು ರಾಡಿನ ಹಿಡಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಓದಿ. ನಿಮ್ಮ ಬಗೆಯ ರಾಡಿನ ಮೇಲೆ ಸಾಮಾನ್ಯವಾಗಿ ದಾರ 12ರಿಂದ 20 ಪೌಂಡ್ (ತುಂಡಾಗದೆ ತಡೆಯುವ ಭಾರ), ಲ್ಯೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಕಾಲು ಔನ್ಸಿನಿಂದ ಮುಕ್ಕಾಲು ಔನ್ಸ್, ಅಂದರೆ 7ರಿಂದ 21 ಗ್ರಾಂ ಎಂದಿರುತ್ತದೆ. ಅದರೊಳಗೆ 14 ಪೌಂಡಿನ ನೈಲಾನ್ ಮೋನೊಫಿಲಮೆಂಟ್ (ಒಂಟಿ ಎಳೆಯ ದಾರ) ತಂದು ಸುತ್ತಿ. ಇದು ನನ್ನ ನೇರ ಉತ್ತರ. ಕಾರಣ ಬೇಡದವರು ಮುಂದಿನ ಪ್ರಶ್ನೆಗೆ ಹೋಗಬಹುದು.

ಕಾರಣ ಇಷ್ಟು. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲ್, ಅಂದರೆ ದಾರ ಸುತ್ತಿದ ಉರುಳೆ, ನಿಂತಿರುತ್ತದೆ, ದಾರ ಅದರ ತುದಿಯಿಂದ ಸುರುಳಿಯಾಗಿ ಜಾರುತ್ತದೆ. ನಿಮ್ಮ ಹೊಸ ರೀಲಿನಲ್ಲಿ ಸ್ಪೂಲೇ ತಿರುಗುತ್ತದೆ. ಎಸೆದ ಲ್ಯೂರ್ ಗಾಳಿಯಲ್ಲಿ ನಿಧಾನವಾಯಿತು, ಸ್ಪೂಲ್ ಮಾತ್ರ ಮೊದಲಿನ ರಭಸದಲ್ಲೇ ತಿರುಗುತ್ತಿದೆ ಅಂತಾದರೆ, ಹೊರಗೆ ಹೋಗುವುದಕ್ಕಿಂತ ಹೆಚ್ಚು ದಾರ ಬಿಚ್ಚಿಕೊಳ್ಳುತ್ತದೆ. ಅದು ಎಲ್ಲಿಗೆ ಹೋಗಬೇಕು? ರೀಲಿನೊಳಗೇ ಉಬ್ಬಿ ಗುಬ್ಬಿಗೂಡಾಗುತ್ತದೆ. ಮೊದಲ ವಾರ ನಿಮ್ಮ ಕೈಯಲ್ಲಿ ಮೀನಿಗಿಂತ ಗೂಡುಗಳೇ ಹೆಚ್ಚು ಇರುತ್ತವೆ. ಹಾಗಾಗಿ ಮೊದಲ ದಾರವನ್ನು ಆರಿಸುವಾಗ ನೋಡಬೇಕಾದ್ದು ಮೀನನ್ನಲ್ಲ, ಗೂಡನ್ನು. ಯಾವ ದಾರದ ಗೂಡು ಬಿಡಿಸಲು ಸುಲಭ? ಬಿಡಿಸಿದ ಮೇಲೂ ಯಾವುದು ಗಟ್ಟಿಯಾಗಿ ಉಳಿಯುತ್ತದೆ?

ನೈಲಾನಿಗೆ ಸ್ವಲ್ಪ ಮೈಬಿರುಸು ಇದೆ. ಎಳೆಗಳು ಒಂದಕ್ಕೊಂದು ಅಂಟಿ ಕೂರುವುದಿಲ್ಲ, ದೊಡ್ಡ ದೊಡ್ಡ ಕುಣಿಕೆಗಳಾಗಿ ಎದ್ದು ನಿಲ್ಲುತ್ತವೆ. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಗೂಡಾದಾಗ ಮಾಡಬೇಕಾದ್ದು ಹೀಗೆ: ಕಂಡ ಕುಣಿಕೆಯನ್ನೆಲ್ಲ ಎಳೆಯಲು ಹೋಗಬೇಡಿ. ಹೆಬ್ಬೆರಳನ್ನು ಗೂಡಿನ ಮೇಲೆ ಬಲವಾಗಿ ಒತ್ತಿ, ಹಾಗೇ ಒತ್ತಿಕೊಂಡೇ ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿ. ಮೇಲೆ ಬಿದ್ದಿದ್ದ ಕುಣಿಕೆಗಳು ಚಪ್ಪಟೆಯಾಗಿ ಹಿಂದಕ್ಕೆ ಸರಿಯುತ್ತವೆ. ಈಗ ಬೆರಳು ಸಡಿಲಿಸಿ, ಸ್ಪೂಲಿನ ಗುಂಡಿ ಒತ್ತಿ, ದಾರವನ್ನು ಮೆಲ್ಲಗೆ ಎಳೆಯಿರಿ. ಸಿಕ್ಕಿಕೊಂಡರೆ ಮತ್ತೆ ಒತ್ತಿ, ಮತ್ತೆ ತಿರುಗಿಸಿ. ಹತ್ತರಲ್ಲಿ ಎಂಟು ಗೂಡು ಎರಡು ನಿಮಿಷದೊಳಗೆ ಬಿಚ್ಚಿಕೊಳ್ಳುತ್ತವೆ. ಬಿಚ್ಚದ ಎರಡನ್ನು ಕತ್ತರಿಸಿ ಎಸೆದರೂ ಹೊಟ್ಟೆ ಉರಿಯುವುದಿಲ್ಲ, ಏಕೆಂದರೆ ಮೂರರಲ್ಲಿ ಅಗ್ಗದ ದಾರ ಅದೇ.

ಬ್ರೇಡ್ ಅಂದರೆ ಪಾಲಿಎಥಿಲೀನ್‌ನ ಕೂದಲಿನಂಥ ಎಳೆಗಳನ್ನು ಜಡೆಯಂತೆ ಹೆಣೆದ ದಾರ. ತೀರಾ ಮೆದು. ಅದರ ಗೂಡು ಉಬ್ಬುವುದಕ್ಕಿಂತ ಹೆಚ್ಚಾಗಿ ಒಳಕ್ಕೆ ಬಿಗಿಯುತ್ತದೆ. ಉಗುರು ತೂರುವುದಿಲ್ಲ, ಸೂಜಿ ಬೇಕು, ತಾಳ್ಮೆ ಬೇಕು, ಒಮ್ಮೊಮ್ಮೆ ಕತ್ತರಿ.

ಫ್ಲೋರೋಕಾರ್ಬನ್ನಿನ ಕಥೆ ಬೇರೆ, ಅದನ್ನು ನನ್ನ ತಲೆಯ ಮೇಲೇ ಹಾಕಿಕೊಂಡು ಹೇಳುತ್ತೇನೆ. ಬೈಟ್‌ಕಾಸ್ಟರ್ ಕಲಿಯುತ್ತಿದ್ದ ಕಾಲದಲ್ಲಿ ಯಾರದೋ ಮಾತು ಕೇಳಿ 17 ಪೌಂಡಿನ ಫ್ಲೋರೋಕಾರ್ಬನ್ ಸುತ್ತಿದೆ. ಮೂರನೆಯ ಎಸೆತಕ್ಕೇ ಗೂಡು. ಬಿಡಿಸಿದೆ, ಸಲೀಸಾಗಿಯೇ ಬಿಚ್ಚಿಕೊಂಡಿತು, ಹೆಮ್ಮೆಪಟ್ಟುಕೊಂಡೆ. ಅರ್ಧ ಗಂಟೆ ಬಿಟ್ಟು ಮೀನು ಕಚ್ಚಿತು, ರಾಡ್ ಎತ್ತಿ ಹೊಡೆದೆ, ‘ಟಕ್’ ಅಂತ ದಾರ ಕೈಕೊಟ್ಟಿತು. ಮೀನಿನ ಭಾರವೂ ಕೈಗೆ ಬಂದಿರಲಿಲ್ಲ. ಉಳಿದ ದಾರವನ್ನು ಬೆಳಕಿಗೆ ಹಿಡಿದು ಹಿಂದಕ್ಕೆ ಸವರುತ್ತ ಹೋದರೆ ಅಲ್ಲಲ್ಲಿ ಸಣ್ಣ ಬಿಳಿ ಗೀರುಗಳು, ಕಾಗದ ಮಡಚಿದ ಗುರುತಿನಂತೆ. ಗೂಡಿನಲ್ಲಿ ಮಡಚಿದ ಕಡೆಯೆಲ್ಲ ದಾರದ ಬೆನ್ನು ಮುರಿದಿತ್ತು. ಫ್ಲೋರೋಕಾರ್ಬನ್ ಹೀಗೆ ಒಮ್ಮೆ ಚೂಪಾಗಿ ಮಡಚಿಕೊಂಡರೆ ಆ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ಇದು ಗೊತ್ತಿಲ್ಲದೆ ವರ್ಷವಿಡೀ ದಾರ ಮಾಡಿದವರನ್ನು ಬೈದುಕೊಂಡು ತಿರುಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಗೆಳೆಯ ಹೇಳಿದ್ದೂ ಸುಳ್ಳಲ್ಲ, ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ. ಎಸೆಯುವಾಗ ಸ್ಪೂಲನ್ನು ತಡೆಯುವ ಅವರಿಬ್ಬರ ಹೆಬ್ಬೆರಳು ಪಳಗಿದೆ, ನಿಮ್ಮದು ಪಳಗಬೇಕು. ದಿನಕ್ಕೊಂದು ಗೂಡೂ ಆಗದ ಕಾಲ ಬಂದಾಗ ಮಿಕ್ಕ ಎರಡರ ಕಡೆ ನೋಡಿ. ಆಗ ಈ ಕೆಳಗಿನ ಉತ್ತರಗಳು ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಬಾಸ್ ಎಷ್ಟು ದೊಡ್ಡದಾದರೂ ನಮ್ಮ ಕಡೆಯವರು ಹಿಡಿಯುವುದು ಎರಡು ಮೂರು ಕಿಲೋದ್ದು. ಅದಕ್ಕೆ 50 ಪೌಂಡಿನ, 65 ಪೌಂಡಿನ ಬ್ರೇಡ್ ಹಾಕುತ್ತಾರಲ್ಲ, ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಲ್ಲವೇ?

ಉತ್ತರ: ತಕ್ಕಡಿಯಲ್ಲಿ ನೋಡಿದರೆ ನಿಮ್ಮ ಮಾತೇ ಸರಿ. ದೊಡ್ಡಬಾಯಿ ಬಾಸ್‌ನ ಲೋಕದಾಖಲೆಯೇ 22 ಪೌಂಡ್ ಚಿಲ್ಲರೆ, ಅಂದರೆ ಸುಮಾರು 10 ಕಿಲೋ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು 22 ಪೌಂಡ್ 4 ಔನ್ಸ್. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹಳೆಯ ದಾಖಲೆ ಮುರಿಯಲು ಕನಿಷ್ಠ 2 ಔನ್ಸ್ ಹೆಚ್ಚಿರಬೇಕೆಂಬ ನಿಯಮ ಇದೆ, ಅಷ್ಟಿಲ್ಲದ್ದರಿಂದ ಇಬ್ಬರನ್ನೂ ಸಮ ಎಂದರು. ಈ ಭೂಮಿಯ ಮೇಲೆ ಸಿಕ್ಕ ಅತಿ ದೊಡ್ಡ ಬಾಸ್ ಕೂಡ 50 ಪೌಂಡಿನ ಅರ್ಧಕ್ಕೆ ಬರುವುದಿಲ್ಲ.

ಆದರೆ ಬಾಸ್ ಕಚ್ಚಿದ ಮೇಲೆ ಬಯಲಿನ ಕಡೆ ಓಡುವ ಮೀನಲ್ಲ. ತಾವರೆ ಬಳ್ಳಿ, ಜೊಂಡು, ಮುಳುಗಿದ ಮರದ ಕೊಂಬೆ, ಅದರ ಮನೆಯೇ ಅಲ್ಲಿ. ಕಚ್ಚಿದ ತಕ್ಷಣ ತಲೆ ತಿರುಗಿಸಿ ಒಳಗೆ ನುಗ್ಗುತ್ತದೆ. ಮರುಕ್ಷಣ ನೀವು ಎಳೆಯುತ್ತಿರುವುದು ಎರಡು ಕಿಲೋ ಮೀನನ್ನಲ್ಲ, ಎರಡು ಕಿಲೋ ಮೀನು, ಅದರ ತಲೆಗೆ ಸುತ್ತಿಕೊಂಡ ಐದು ಕಿಲೋ ಒದ್ದೆ ಜೊಂಡು, ಜೊತೆಗೆ ಇನ್ನೂ ಬೇರಿನಿಂದ ಕಿತ್ತುಬರದ ಬಳ್ಳಿ. ಬ್ರೇಡ್ ಅಲ್ಲಿ ಗರಗಸದಂತೆ ಕಾಂಡವನ್ನು ಕೊಯ್ದುಕೊಂಡು ಬರುತ್ತದೆ. ನೈಲಾನ್ ರಬ್ಬರಿನಂತೆ ಹಿಗ್ಗಿ ಮೀನಿಗೆ ಇನ್ನೊಂದು ಮೊಳ ಒಳಗೆ ಹೋಗಲು ಬಿಡುತ್ತದೆ.

ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಡಬ್ಬಿಯ ಮೇಲಿನ ಪೌಂಡನ್ನು ಒಂದು ಗಳಿಗೆ ಮರೆತು ಪಕ್ಕದಲ್ಲಿ ಬರೆದಿರುವ ದಪ್ಪವನ್ನು ಓದಿ. 14 ಪೌಂಡಿನ ನೈಲಾನ್ ಸುಮಾರು 0.35 ಮಿ.ಮೀ. ದಪ್ಪ. 50 ಪೌಂಡಿನ ಬ್ರೇಡ್ ಕೂಡ ಹೆಚ್ಚುಕಡಿಮೆ ಅಷ್ಟೇ! ಬೈಟ್‌ಕಾಸ್ಟಿಂಗ್ ರೀಲಿಗೆ ಪೌಂಡ್ ಗೊತ್ತಾಗುವುದಿಲ್ಲ, ದಪ್ಪ ಗೊತ್ತಾಗುತ್ತದೆ. ‘ಮೀನು ಚಿಕ್ಕದು, 15 ಪೌಂಡಿನ ಬ್ರೇಡ್ ಸಾಕು’ ಎಂದು ಲೆಕ್ಕ ಹಾಕಿ ಸುತ್ತಿದರೆ ಅದು ಹೊಲಿಗೆ ದಾರದಷ್ಟು ತೆಳ್ಳಗೆ. ಗಾಳ ಎಲ್ಲೋ ಸಿಕ್ಕಿಕೊಂಡು ಜೋರಾಗಿ ಎಳೆದಿರೋ, ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಕೊಯ್ದುಕೊಂಡು ಹೂತುಹೋಗುತ್ತದೆ. ಮುಂದಿನ ಎಸೆತದಲ್ಲಿ ದಾರ ಅಲ್ಲಿಗೆ ಬಂದು ಗಕ್ಕನೆ ನಿಲ್ಲುತ್ತದೆ. ಲ್ಯೂರ್ ಮಾತ್ರ ನಿಲ್ಲುವುದಿಲ್ಲ, ದಾರ ಕಿತ್ತುಕೊಂಡು ಒಂಟಿಯಾಗಿ ಹಾರಿಹೋಗುತ್ತದೆ. ಹೀಗೆ ನೀರಿಗೆ ಅರ್ಪಿಸಿದ ಲ್ಯೂರುಗಳನ್ನು ಎಣಿಸುವುದು ಬಿಟ್ಟಿದ್ದೇನೆ. ಈ ರೀಲಿಗೆ 30 ಪೌಂಡಿಗಿಂತ ಕೆಳಗಿನ ಬ್ರೇಡ್ ನಾನು ಹಾಕುವುದಿಲ್ಲ. ಬಯಲು ನೀರಿಗೆ 30ರಿಂದ 40, ಜೊಂಡಿಗೆ 50, ತಾವರೆ ಎಲೆಗಳ ಮೇಲೆ ಕಪ್ಪೆಯಾಕಾರದ ಲ್ಯೂರ್ ಆಡಿಸುವಾಗ 65.

ಪ್ರಶ್ನೆ: ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದೇ ಇಲ್ಲ, ಅದಕ್ಕೇ ಮೀನು ಹೆಚ್ಚು ಕಚ್ಚುತ್ತದೆ ಎನ್ನುವುದು ನಿಜವೇ?

ಉತ್ತರ: ಅರ್ಧ ನಿಜ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದಲ್ಲ, ಎಷ್ಟು ಬಾಗುತ್ತದೆ ಎನ್ನುವುದಕ್ಕೆ ವಕ್ರೀಭವನ ಸೂಚ್ಯಂಕ ಎಂಬ ಅಳತೆ ಇದೆ. ನೀರಿನದು 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.53ರ ಆಸುಪಾಸು. ನೀರಿಗೆ ಹತ್ತಿರವಾದಷ್ಟೂ ಕಣ್ಣಿಗೆ ಕಡಿಮೆ ಕಾಣುತ್ತದೆ. ಫ್ಲೋರೋಕಾರ್ಬನ್ ಹತ್ತಿರವಿದೆ, ಆದರೆ ನೀರೇ ಆಗಿಲ್ಲ. ‘ಕಾಣುವುದೇ ಇಲ್ಲ’ ಎನ್ನುವುದು ಡಬ್ಬಿಯ ಭಾಷೆ. ಒಂದು ಲೋಟ ನೀರಿನಲ್ಲಿ ಎರಡನ್ನೂ ಅದ್ದಿ ಕಿಟಕಿಗೆ ಹಿಡಿದು ನೋಡಿ, ಎರಡೂ ಕಾಣುತ್ತವೆ.

ಕಲಕಿದ ನೀರಿನಲ್ಲಿ ದಡಬಡ ತಿರುಗುವ ಸ್ಪಿನ್ನರ್‌ಬೈಟನ್ನು ಅಟ್ಟಿಸಿಕೊಂಡು ಬರುವ ಬಾಸ್‌ಗೆ ದಾರ ನೋಡುವ ವ್ಯವಧಾನ ಇರುವುದಿಲ್ಲ. ತಿಳಿ ನೀರು, ನಿಧಾನವಾಗಿ ತೆವಳುವ ಪ್ಲಾಸ್ಟಿಕ್ ಹುಳು, ಹತ್ತಿರ ಬಂದು ಮೂಸಿ ನೋಡುವ ಮೀನು, ಇಂಥಲ್ಲಿ ಉಪಯೋಗ ಇದ್ದೀತು.

ನಾನು ಫ್ಲೋರೋಕಾರ್ಬನ್ ಹಾಕುವುದು ಕಾಣದಿರಲಿ ಎಂದಲ್ಲ, ಮುಳುಗಲಿ ಎಂದು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ನೈಲಾನ್ 1.14, ನಿಧಾನವಾಗಿ ಇಳಿಯುತ್ತದೆ. ಬ್ರೇಡಿನ ಪಾಲಿಎಥಿಲೀನ್ 0.97, ತೇಲುತ್ತದೆ. ಫ್ಲೋರೋಕಾರ್ಬನ್ 1.78, ನೇರ ತಳಕ್ಕೆ. ತಳದಲ್ಲಿ ಜಿಗ್ (ಭಾರದ ತಲೆಯ ಲ್ಯೂರ್) ಕುಣಿಸುವಾಗ ದಾರವೂ ಅದರ ಜೊತೆ ಕೆಳಗೇ ಇದ್ದರೆ ನಡುವೆ ಜೋಲು ಕಡಿಮೆ, ಮೀನು ಜಿಗ್ಗನ್ನು ಬಾಯಿಗೆಳೆದುಕೊಂಡ ಆ ಸಣ್ಣ ‘ಟಪ್’ ಬೆರಳಿಗೆ ಬರುತ್ತದೆ. ಕಲ್ಲಿಗೆ ಉಜ್ಜಿದರೂ ಬ್ರೇಡಿನಂತೆ ಬೇಗ ಸವೆಯುವುದಿಲ್ಲ. ಜಿಗ್ಗಿಗೆ, ಹುಳುವಿಗೆ 15ರಿಂದ 17 ಪೌಂಡ್, ಎಳೆದಂತೆ ಆಳಕ್ಕೆ ಇಳಿಯುವ ಮೀನಿನಾಕಾರದ ಕ್ರ್ಯಾಂಕ್‌ಬೈಟಿಗೆ 10ರಿಂದ 12. ದಾರ ತೆಳುವಾದಷ್ಟೂ ನೀರಿನ ತಡೆ ಕಡಿಮೆ, ಅದೇ ಕ್ರ್ಯಾಂಕ್‌ಬೈಟ್ ಇನ್ನಷ್ಟು ಆಳಕ್ಕೆ ಹೋಗುತ್ತದೆ.

ಮುಳುಗುವ ಇದೇ ಗುಣ ಬೇರೆ ಕಡೆ ಶಾಪ. ನೀರ ಮೇಲೆ ಬಾಯಿ ಬಡಿಯುತ್ತ ಬರುವ ಪಾಪ್ಪರನ್ನು ಒಂದು ಸಂಜೆ ಫ್ಲೋರೋಕಾರ್ಬನ್ನಿಗೆ ಕಟ್ಟಿ ಎಸೆದೆ. ಎರಡು ಸಲ ‘ಬ್ಲಪ್’ ಅಂದಿತು, ಆಮೇಲೆ ಇಲ್ಲ. ನೋಡಿದರೆ ಅದರ ಮೂಗು ಕೆಳಗೆ, ಬಾಲ ಮೇಲೆ, ಯಾರೋ ಕಿವಿ ಹಿಡಿದು ನೀರಿಗೆ ಅದ್ದಿದಂತೆ. ಮುಳುಗಿದ ದಾರ ಮುಂದಿನಿಂದ ಎಳೆಯುತ್ತಿತ್ತು. ಮೇಲ್ನೀರಿನ ಲ್ಯೂರಿಗೆ ನೈಲಾನ್ ಅಥವಾ ಬ್ರೇಡ್, ಅಷ್ಟೇ.

ಪ್ರಶ್ನೆ: 15 ಪೌಂಡ್ ಎಂದು ಬರೆದ ಹೊಸ ದಾರ ಎರಡು ಕಿಲೋ ಮೀನಿಗೆ ತುಂಡಾಯಿತು. ಎರಡು ಸಲ! ತುಂಡಾದ ತುದಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ದಾರ ಕಳಪೆ ಎಂದು ದೂರು ಬರೆಯಲೇ?

ಉತ್ತರ: ತುದಿ ಕಳಿಸಿದ್ದಕ್ಕೆ ನಿಮಗೆ ನಮಸ್ಕಾರ. ಹೀಗೆ ಸಾಕ್ಷಿ ಸಮೇತ ಕೇಳುವ ಓದುಗರು ಅಪರೂಪ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಭೂತಗನ್ನಡಿ ಹಿಡಿದು ನೋಡಿದೆ.

ನಿಮ್ಮ ಮೊದಲ ತುಂಡಿನ ಕೊನೆಯ ಎರಡು ಅಂಗುಲ ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿದೆ. ದಾರ ತುಂಡಾದದ್ದಲ್ಲ ಸ್ವಾಮಿ, ಗಂಟು ಜಾರಿದ್ದು. ಗಂಟಿನ ಸುತ್ತುಗಳೊಳಗಿಂದ ಒತ್ತಿಕೊಂಡು ನುಸುಳಿ ಹೊರಬರುವಾಗ ದಾರ ಹೀಗೆ ಸುರುಳಿಯಾಗುತ್ತದೆ. ಎರಡನೆಯ ತುಂಡು ಬೇರೆ ಥರ. ತುದಿ ಮೊಂಡಾಗಿದೆ, ಆದರೆ ಅದರ ಹಿಂದೆ ಒಂದು ಗೇಣಿನಷ್ಟು ಉದ್ದಕ್ಕೆ ಮೈಯೆಲ್ಲ ಬೆಳ್ಳಗೆ ಒರಟಾಗಿದೆ. ತುಟಿಗಳ ನಡುವೆ ಎಳೆದು ನೋಡಿ, ಮರಳುಕಾಗದದಂತೆ ತಾಗುತ್ತದೆ. ಕಲ್ಲಿಗೋ ಕೊರಡಿಗೋ ಉಜ್ಜಿ ಸವೆದದ್ದು. ದೂರು ಬರೆಯುವ ಕಾಗದ ಉಳಿಸಿಕೊಳ್ಳಿ.

ಸವೆತಕ್ಕೆ ಮದ್ದು ಸುಲಭ. ಪ್ರತಿ ಮೀನಿನ ನಂತರ, ಪ್ರತಿ ಸಲ ಗಾಳ ಸಿಕ್ಕಿಕೊಂಡು ಬಿಡಿಸಿದ ನಂತರ, ಕೊನೆಯ ಒಂದು ಮೀಟರ್ ದಾರವನ್ನು ಎರಡು ಬೆರಳ ನಡುವೆ ಎಳೆಯಿರಿ. ಒರಟು ತಾಗಿದರೆ ಅಷ್ಟನ್ನೂ ಕತ್ತರಿಸಿ ಹೊಸದಾಗಿ ಗಂಟು ಹಾಕಿ. ‘ಇನ್ನೊಂದು ಎಸೆತ ಎಸೆದು ಆಮೇಲೆ ಕಟ್ಟೋಣ’ ಅನಿಸುತ್ತದೆ. ದೊಡ್ಡ ಮೀನು ಕಚ್ಚುವುದು ಆ ಎಸೆತಕ್ಕೇ.

ಗಂಟಿನ ವಿಷಯಕ್ಕೆ ಬರೋಣ. ಪಾಲೊಮಾರ್ ಗಂಟು ಕಲಿಯಿರಿ, ಮೂರೂ ಬಗೆಯ ದಾರಕ್ಕೆ ನಡೆಯುತ್ತದೆ. ದಾರದ ತುದಿಯನ್ನು ಒಂದು ಗೇಣು ಮಡಚಿ ಜೋಡಿ ಮಾಡಿ. ಆ ಮಡಿಕೆಯನ್ನು ಗಾಳದ ಕಣ್ಣಿನೊಳಗೆ ತೂರಿಸಿ. ಆಚೆ ಬಂದ ಮಡಿಕೆಯಿಂದ ಜೋಡಿ ದಾರದ ಮೇಲೆ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ, ಗಾಳ ಅದರ ನಡುವೆ ಜೋತಾಡುತ್ತಿರಲಿ. ಈಗ ಉಳಿದ ಕುಣಿಕೆಯನ್ನು ಅಗಲಿಸಿ ಇಡೀ ಗಾಳವನ್ನು ಅದರೊಳಗಿಂದ ದಾಟಿಸಿ, ಕುಣಿಕೆಯನ್ನು ಕಣ್ಣಿನ ಮೇಲ್ಗಡೆಗೆ ತನ್ನಿ. ಇಲ್ಲಿ ನಿಲ್ಲಿ. ಗಂಟಿಗೆ ಎಂಜಲು ಹಚ್ಚಿ. ಒಣ ದಾರವನ್ನು ರಭಸದಿಂದ ಬಿಗಿದರೆ ಉಜ್ಜುವ ಬಿಸಿಗೆ ಅದರ ಮೈ ಸುಡುತ್ತದೆ, ಫ್ಲೋರೋಕಾರ್ಬನ್ ಇದರಲ್ಲಿ ಬಲು ನಾಜೂಕು. ಒದ್ದೆ ಮಾಡಿ, ಮೆಲ್ಲಗೆ, ಒಂದೇ ಸಮ ಎಳೆದು ಕೂರಿಸಿ. ಬಿಗಿದ ಮೇಲೆ ಎರಡು ಎಳೆ ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಕತ್ತರಿಸಿ ಮತ್ತೆ ಹಾಕಿ. ಮೂರು ಗಾಳಗಳು ಜೋತಾಡುವ ದೊಡ್ಡ ಲ್ಯೂರನ್ನು ಕುಣಿಕೆಯೊಳಗೆ ದಾಟಿಸುವುದು ಕಿರಿಕಿರಿ, ಅದಕ್ಕೆ ಕುಣಿಕೆ ಸ್ವಲ್ಪ ದೊಡ್ಡದೇ ಇರಲಿ.

ಹೇಳುವುದು ಮರೆತೆ, ನಿಮ್ಮ ಡ್ರ್ಯಾಗ್ (ಮೀನು ಜಗ್ಗಿದಾಗ ರೀಲಿನಿಂದ ದಾರ ಬಿಟ್ಟುಕೊಡುವ ತಡೆ) ಎಷ್ಟು ಬಿಗಿ ಇತ್ತು? ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಡ್ರ್ಯಾಗ್ ಬಿಟ್ಟುಕೊಡಬೇಕು. 15 ಪೌಂಡಿಗೆ 4ರಿಂದ 5 ಪೌಂಡ್, ಅಂದರೆ 2 ಕಿಲೋ ಆಸುಪಾಸು. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ ಎಳೆದು ನೋಡಿ. ಅಂದಾಜಿನಲ್ಲಿ ತಿರುಗಿಸುವವರೆಲ್ಲ ಒಂದೋ ತೀರಾ ಬಿಗಿ, ಇಲ್ಲವೇ ತೀರಾ ಸಡಿಲ. ನಾನೂ ಹಾಗೇ ಇದ್ದೆ.

ಪ್ರಶ್ನೆ: ಕ್ರ್ಯಾಂಕ್‌ಬೈಟಿಗೆ ಮೀನು ಚೆನ್ನಾಗಿ ಕಚ್ಚುತ್ತದೆ, ಆದರೆ ದಡದ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತದೆ. ದಾರ 40 ಪೌಂಡಿನ ಬ್ರೇಡ್, ಗಟ್ಟಿಮುಟ್ಟಾಗಿದೆ. ತಪ್ಪು ಎಲ್ಲಿ?

ಉತ್ತರ: ಆ ಗಟ್ಟಿಮುಟ್ಟಿನಲ್ಲೇ. ಕ್ರ್ಯಾಂಕ್‌ಬೈಟಿನ ಮೂರುಮೊನೆ ಗಾಳಗಳು ಸಣ್ಣವು, ತೆಳುವು. ಬಹಳ ಸಲ ತುಟಿಯ ಅಂಚಿನ ತೆಳು ಚರ್ಮಕ್ಕೆ ಮಾತ್ರ ಚುಚ್ಚಿಕೊಂಡಿರುತ್ತವೆ. ಬ್ರೇಡ್ ಹಿಗ್ಗುವುದೇ ಇಲ್ಲ ಎನ್ನಬಹುದು. ಮೀನು ದೂರದಲ್ಲಿದ್ದಾಗ ರಾಡಿನ ಬಾಗು ಹೇಗೋ ಸಂಭಾಳಿಸುತ್ತದೆ. ದಡದ ಹತ್ತಿರ ಬಂದು, ನಿಮ್ಮನ್ನು ಕಂಡು, ನೀರಿಂದ ಮೇಲಕ್ಕೆ ಹಾರಿ ತಲೆ ಕೊಡವಿದಾಗ ಆ ಕೊಡಹು ಪೂರ್ತಿ ಗಾಳದ ಮೇಲೆ ಬೀಳುತ್ತದೆ. ಚರ್ಮದ ತೂತು ಅಗಲವಾಗುತ್ತದೆ, ಲ್ಯೂರ್ ನಿಮ್ಮ ಮುಖದ ಕಡೆ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ.

ನೈಲಾನ್ ತುಂಡಾಗುವ ಮೊದಲು ತನ್ನ ಉದ್ದದ ಐದನೇ ಒಂದು ಪಾಲು, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು ಹಿಗ್ಗುತ್ತದೆ. ಜೊಂಡಿನಲ್ಲಿ ಅದೇ ದೋಷ ಅಂದೆ, ಇಲ್ಲಿ ಅದೇ ಗುಣ. 12 ಪೌಂಡಿನ ನೈಲಾನ್ ಹಾಕಿ. ಆಳ ಬೇಕೆಂದರೆ ಫ್ಲೋರೋಕಾರ್ಬನ್, ಅದೂ ಹಿಗ್ಗುತ್ತದೆ, ಹಿಗ್ಗುವುದಿಲ್ಲ ಎಂದು ಹೇಳಿಕೊಂಡು ತಿರುಗುವವರು ಎಳೆದು ನೋಡಿಲ್ಲ. ದಾರ ಬದಲಿಸಲು ಮನಸ್ಸಿಲ್ಲದಿದ್ದರೆ ರಾಡ್ ಬದಲಿಸಿ, ನಡುವಿನವರೆಗೆ ಬಾಗುವ ಮೆದು ರಾಡ್ ಹಿಡಿಯಿರಿ. ಎಲ್ಲೋ ಒಂದು ಕಡೆ ಮೆತ್ತಗಿರಬೇಕು, ರಾಡಿನಲ್ಲಾದರೂ ಸರಿ, ದಾರದಲ್ಲಾದರೂ ಸರಿ, ಇಲ್ಲದಿದ್ದರೆ ಮೀನಿನ ತುಟಿಯೇ ಮೆತ್ತಗಾಗುತ್ತದೆ.

ಪ್ರಶ್ನೆ: ದಾರದ ಬಣ್ಣ ಮುಖ್ಯವೇ?

ಉತ್ತರ: ನಿಮ್ಮ ಕಣ್ಣಿಗೆ ಮುಖ್ಯ. ಲ್ಯೂರ್ ಇಳಿಯುವಾಗ ದಾರ ಪಕ್ಕಕ್ಕೆ ಸರಿದರೆ ಮೀನು ಕಚ್ಚಿದೆ ಎಂದರ್ಥ, ಅದು ಕಾಣಲು ಹಳದಿ ದಾರ ಒಳ್ಳೆಯದು. ಮೀನು ನೋಡೀತು ಎಂಬ ಅಳುಕಿದ್ದರೆ ಕೊನೆಗೆ ಮಾರುದ್ದ ಫ್ಲೋರೋಕಾರ್ಬನ್ ಲೀಡರ್ ಸೇರಿಸಿಕೊಳ್ಳಿ. ಜೊಂಡಿನಲ್ಲಿ ಲೀಡರ್ ಬೇಡ, ಆ ಜೋಡುಗಂಟೇ ಕಸ ಹಿಡಿಯುತ್ತದೆ.

ಪ್ರಶ್ನೆ: ಬ್ರೇಡ್ ಸುತ್ತಿದ ರೀಲಿನಲ್ಲಿ ಡ್ರ್ಯಾಗ್ ಕೆಟ್ಟಿದೆ. ಪೂರ್ತಿ ಬಿಗಿದರೂ ಮೀನು ಎಳೆದಾಗ ಸ್ಪೂಲಿನ ಮೇಲೆ ದಾರ ಜಾರುತ್ತಲೇ ಇರುತ್ತದೆ. ರಿಪೇರಿಗೆ ಕೊಡಲೇ?

ಉತ್ತರ: ಕೊಡಬೇಡಿ. ಹಿಡಿಕೆ ಬಿಗಿಯಾಗಿ ಹಿಡಿದು ದಾರ ಎಳೆಯಿರಿ, ಸ್ಪೂಲನ್ನೇ ದಿಟ್ಟಿಸಿ ನೋಡಿ. ಸ್ಪೂಲ್ ನಿಂತಿದ್ದು ದಾರದ ಇಡೀ ಉಂಡೆ ಅದರ ಮೇಲೆ ಗರಗರ ಸುತ್ತುತ್ತಿದೆಯೇ? ಹಾಗಿದ್ದರೆ ಡ್ರ್ಯಾಗ್‌ಗೆ ಏನೂ ಆಗಿಲ್ಲ. ಬ್ರೇಡ್ ನುಣುಪು, ಸ್ಪೂಲಿನ ಲೋಹವೂ ನುಣುಪು, ಒಂದನ್ನೊಂದು ಹಿಡಿಯುವುದಿಲ್ಲ. ಎಲ್ಲ ಬಿಚ್ಚಿ ಮೊದಲು ಹತ್ತು ಹನ್ನೆರಡು ಮೀಟರ್ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ. ನೈಲಾನ್ ಸ್ಪೂಲನ್ನು ಕಚ್ಚಿ ಹಿಡಿಯುತ್ತದೆ. ಹೀಗೆ ಮಾಡಿದರೆ ಬ್ರೇಡೂ ಕಡಿಮೆ ಸಾಕು.

ಸುತ್ತುವಾಗ ದಾರದ ಉರುಳೆಯ ತೂತಿಗೆ ಪೆನ್ಸಿಲ್ ತೂರಿಸಿ ಯಾರಿಗಾದರೂ ಹಿಡಿಯಲು ಕೊಡಿ. ಉರುಳೆಯ ಮೇಲ್ಗಡೆಯಿಂದ ಬಿಚ್ಚಿಕೊಂಡ ದಾರ ರೀಲಿನ ಸ್ಪೂಲಿನ ಮೇಲ್ಗಡೆಗೇ ಹೋಗಲಿ. ಒದ್ದೆ ಬಟ್ಟೆಯಲ್ಲಿ ದಾರವನ್ನು ಹಿಡಿದು ಬಿಗಿಯಾಗಿ ಸುತ್ತಿ, ಸಡಿಲ ಸುತ್ತಿದ ಬ್ರೇಡ್ ಕೂಡ ಮೇಲೆ ಹೇಳಿದಂತೆ ಹೂತುಹೋಗುತ್ತದೆ. ಅಂಚಿನಿಂದ 3 ಮಿ.ಮೀ. ಕೆಳಗೆ ನಿಲ್ಲಿಸಿ. ಕಂಠಮಟ್ಟ ತುಂಬಿಸಿದರೆ ಗೂಡು ಖಾತ್ರಿ.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ದಾರ ಬದಲಿಸಬೇಕು? ಹಳೆಯದನ್ನು ಏನು ಮಾಡಬೇಕು?

ಉತ್ತರ: ವಾರವಾರ ಹೋಗುವವರಾದರೆ ನೈಲಾನ್ ಎರಡು ಮೂರು ತಿಂಗಳು. ಅದು ನೀರು ಕುಡಿಯುತ್ತದೆ, ಒದ್ದೆಯಾದಾಗ ಬಲವೂ ಸ್ವಲ್ಪ ಇಳಿಯುತ್ತದೆ, ಬಿಸಿಲಿಗೆ ಹಳತಾಗುತ್ತದೆ. ದಾಖಲೆ ನೋಡುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್‌ಎ ದಾರವನ್ನು ನೆನೆಸಿಯೇ ಪರೀಕ್ಷಿಸುವುದು ಇದಕ್ಕೇ. ಎಸೆಯುವಾಗ ಸುರುಳಿ ಸುರುಳಿಯಾಗಿ ಹೊರಟರೆ ಅವಧಿ ಮುಗಿದಿದೆ ಎಂದು ತಿಳಿಯಿರಿ. ಫ್ಲೋರೋಕಾರ್ಬನ್ ಇನ್ನಷ್ಟು ಬಾಳುತ್ತದೆ, ಮಡಚಿಕೊಳ್ಳದಿದ್ದರೆ. ಬ್ರೇಡ್ ವರ್ಷಗಟ್ಟಲೆ. ಬಣ್ಣ ಹೋದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಮೈಯೆಲ್ಲ ಗಾಳಿಪಟದ ಹಳೆ ದಾರದಂತೆ ಜುಂಗು ಎದ್ದರೆ ತಲೆಕೆಳಗು ಮಾಡಿ ಸುತ್ತಿ, ಒಳಗೆ ನೀರು ಕಾಣದೆ ಕೂತಿದ್ದ ಅರ್ಧ ಹೊಸದೇ ಆಗಿರುತ್ತದೆ.

ಹಳೆಯದನ್ನು ದಡದಲ್ಲಿ ಬಿಡಲೇಬೇಡಿ. ಒಮ್ಮೆ ಜೊಂಡಿನ ನಡುವೆ ಬೆಳ್ಳಕ್ಕಿಯೊಂದು ಒಂಟಿಗಾಲಲ್ಲಿ ನಿಂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಇನ್ನೊಂದು ಕಾಲಿಗೆ ನೈಲಾನ್ ಸುತ್ತಿಕೊಂಡು ಬೆರಳುಗಳು ಕಪ್ಪಾಗಿದ್ದವು. ದಾರ ಬಿಡಿಸಿ ಕೊಟ್ಟೆವು, ಹಾರಿತು, ಕಾಲು ಉಳಿಯಿತೋ ಇಲ್ಲವೋ. ಅಂದಿನಿಂದ ಕತ್ತರಿಸಿದ ಪ್ರತಿ ತುಂಡೂ ಜೇಬಿಗೆ. ಮನೆಗೆ ಬಂದು ಬೆರಳುದ್ದ ಚೂರು ಮಾಡಿ ಕಸದ ಡಬ್ಬಿಗೆ ಹಾಕುತ್ತೇನೆ.

ಪ್ರಶ್ನೆ: ಎಲ್ಲರಿಗೂ ಒಂದೊಂದು ಹೇಳುತ್ತೀರಿ. ನಿಮ್ಮ ರೀಲಿನಲ್ಲಿ ಈಗ ಇರುವ ದಾರ ಯಾವುದು?

ಉತ್ತರ: ಮೂರು ರೀಲುಗಳಿವೆ. ಒಂದರಲ್ಲಿ 65 ಪೌಂಡಿನ ಹಸಿರು ಬ್ರೇಡ್, ಕಪ್ಪೆಗೆ. ಅದನ್ನು ಸುತ್ತಿ ಮೂರನೆಯ ವರ್ಷ. ಇನ್ನೊಂದರಲ್ಲಿ 15 ಪೌಂಡಿನ ಫ್ಲೋರೋಕಾರ್ಬನ್, ಜಿಗ್ಗಿಗೆ. ಮೂರನೆಯದರಲ್ಲಿ 14 ಪೌಂಡಿನ ನೈಲಾನ್ ಇತ್ತು. ಮೊನ್ನೆ ಎದುರುಗಾಳಿಗೆ ಎಸೆಯುತ್ತ ಯಾರದೋ ಜೊತೆ ಮಾತಿಗೆ ನಿಂತೆ, ಹೆಬ್ಬೆರಳು ಇಡುವುದು ಮರೆತೆ. ಆ ಗೂಡು ಈಗ ಮೇಜಿನ ಮೇಲೆ, ನಿಮ್ಮ ಪತ್ರಗಳ ಪಕ್ಕದಲ್ಲೇ ಕೂತಿದೆ. ಸ್ಪೂಲ್ ಖಾಲಿ.